ಗುಡ್ಡದ ಕಾವಲು: ರಿಯೊ ಡಿ ಜನೈರೊ ನಗರದ ಬಡಕೇರಿಗಳಲ್ಲಿ ನಡೆದ ಮೂರು ಪೋಲೀಸ್ ಪ್ರಯೋಗಗಳು

ನಗರಗಳ ಚರಿತ್ರೆಯನ್ನು ಬರೆದವರು ಸಾಮಾನ್ಯವಾಗಿ ಅರಮನೆ, ಬಂದರು, ಪೇಟೆ, ದೇವಾಲಯಗಳ ಚರಿತ್ರೆಯನ್ನು ಬರೆದಿದ್ದಾರೆ. ಕಾವಲಿನ ಚರಿತ್ರೆಯನ್ನು ಬರೆದವರು ವಿರಳ. ಆದರೂ ಒಂದು ಊರಿನಲ್ಲಿ ರಾತ್ರಿಯ ಹೊತ್ತು ಗಸ್ತು ತಿರುಗುವವನು ಯಾರು, ಅವನಿಗೆ ಅನ್ನ ಹಾಕುವವರು ಯಾರು, ಅವನು ತಪ್ಪಿ ನಡೆದರೆ ಕೇಳುವವರು ಯಾರು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ದೊರೆತಲ್ಲಿ, ಆ ಊರಿನ ಆಳ್ವಿಕೆಯ ನಿಜಸ್ವರೂಪವು ಬಹುಮಟ್ಟಿಗೆ ತಿಳಿದಂತೆಯೇ ಸರಿ. ಕನ್ನಡನಾಡಿನ ಹಳ್ಳಿಯ ತಳವಾರನು ಊರವರು ಕಣದಲ್ಲಿ ಅಳೆದುಕೊಟ್ಟ ಆಯವನ್ನು ಉಣ್ಣುತ್ತಿದ್ದನು. ಆದುದರಿಂದ ಕಳವು ಪತ್ತೆಯಾಗದಿದ್ದರೆ ಊರವರ ಮುಂದೆಯೇ ಉತ್ತರ ಹೇಳಬೇಕಾಗಿತ್ತು. ಆಧುನಿಕ ಮಹಾನಗರಗಳಲ್ಲಿ ಈ ಮೂರು ಪ್ರಶ್ನೆಗಳೂ ಒಂದೊಂದು ದಿಕ್ಕಿಗೆ ಹಂಚಿಹೋಗಿವೆ. ಗಸ್ತಿನವನು ಒಂದು ಕಡೆಯವನು, ಸಂಬಳವು ಇನ್ನೊಂದು ಕಡೆಯದು, ಲೆಕ್ಕ ಕೇಳುವ ಅಧಿಕಾರವು ಮತ್ತೊಂದು ಕಡೆ. ಈ ಅಗಲಿಕೆಯ ಫಲವೇನೆಂಬುದನ್ನು ಅರಿಯಲು ಬ್ರೆಜಿಲ್ ದೇಶದ ರಿಯೊ ಡಿ ಜನೈರೊ ನಗರಕ್ಕಿಂತ ಹೆಚ್ಚಿನ ನಿದರ್ಶನವು ದುರ್ಲಭ. ಅಲ್ಲಿ ಮಾದಕದ್ರವ್ಯದ ತಂಡಗಳ ಹಿಡಿತದಲ್ಲಿದ್ದ ಬಡಕೇರಿಗಳಿಗೆ ಜನಸ್ನೇಹಿಯಾದ ಕಾವಲನ್ನು ಒದಗಿಸುವ ಪ್ರಯತ್ನವು ಮೂರು ಬಾರಿ ನಡೆಯಿತು; ಮೂರು ಬಾರಿಯೂ ಆರಂಭದಲ್ಲಿ ಫಲಿಸಿತು; ಮೂರು ಬಾರಿಯೂ ಕೈಬಿಟ್ಟುಹೋಯಿತು.

೧. ಗುಡ್ಡ ಮತ್ತು ಡಾಮರು

ಸಮುದ್ರಕ್ಕೂ ಕಡಿದಾದ ಬೆಟ್ಟಗಳಿಗೂ ನಡುವೆ ಇಕ್ಕಟ್ಟಿನಲ್ಲಿ ಬೆಳೆದ ನಗರವಿದು. ೧೭೬೩ರಿಂದ ೧೯೬೦ರವರೆಗೆ ಬ್ರೆಜಿಲಿನ ರಾಜಧಾನಿಯಾಗಿದ್ದಿತು. ಆಫ್ರಿಕಾದಿಂದ ಹಡಗುಗಳಲ್ಲಿ ತಂದ ಗುಲಾಮರು ಲಕ್ಷಗಟ್ಟಲೆಯಾಗಿ ಇಳಿದುದು ಇದರ ಬಂದರಿನಲ್ಲಿಯೇ. ೧೮೮೮ನೆಯ ಮೇ ೧೩ರಂದು ಗುಲಾಮಗಿರಿಯು ಕಾನೂನಿನಿಂದ ಕೊನೆಗೊಂಡಿತು; ಆದರೆ ಬಿಡುಗಡೆ ಹೊಂದಿದವರಿಗೆ ಒಂದು ಗೇಣು ನೆಲವಾಗಲಿ, ಒಂದು ಸೂರಾಗಲಿ ದೊರೆಯಲಿಲ್ಲ. ಅವರು ನಗರದ ನಡುಭಾಗದ ಒಟ್ಟುಮನೆಗಳಲ್ಲಿ, ಅಂದರೆ ಮುಂಬಯಿಯ ಚಾಳುಗಳನ್ನು ಹೋಲುವ ಬಿಡಾರಗಳಲ್ಲಿ, ತುಂಬಿಕೊಂಡರು. ಅವುಗಳಲ್ಲಿ ಹೆಸರಾಂತ 'ಹಂದಿಯ ತಲೆ' ಎಂಬುದನ್ನು ೧೮೯೩ರಲ್ಲಿ ನಗರಾಡಳಿತವು ಕೆಡವಿಸಿತು. ನೆಲೆ ತಪ್ಪಿದವರಲ್ಲಿ ಕೆಲವರು ಹಿಂದಿನ ಗುಡ್ಡವನ್ನೇರಿದರು. ೧೮೯೭ರಲ್ಲಿ ಈಶಾನ್ಯದ ಬಹಿಯ ಪ್ರಾಂತದ ಕನೂಡೊಸ್ ಯುದ್ಧದಿಂದ ಮರಳಿದ ಸೈನಿಕರು, ಸರಕಾರವು ಮಾತುಕೊಟ್ಟ ಮನೆಗಳಿಗಾಗಿ ಕಾಯುತ್ತ ಅದೇ ಗುಡ್ಡದಲ್ಲಿ ಗುಡಿಸಲು ಹಾಕಿದರು. ಕನೂಡೊಸ್ ಬಳಿಯ ಒಂದು ದಿಬ್ಬಕ್ಕೆ ಅಲ್ಲಿ ಬೆಳೆಯುವ ಮುಳ್ಳುಗಿಡದ ದೆಸೆಯಿಂದ 'ಫವೇಲಾ' ಎಂಬ ಹೆಸರಿದ್ದಿತು. ಸೈನಿಕರು ಆ ಹೆಸರನ್ನು ಈ ಗುಡ್ಡಕ್ಕೂ ಕೊಟ್ಟರು. ಮುಂದೆ ಪ್ರೊವಿಡೆನ್ಸಿಯಾ ಎಂದು ಪ್ರಸಿದ್ಧವಾದ ಆ ಗುಡ್ಡದ ಹೆಸರೇ ದೇಶದ ಎಲ್ಲ ಬಡಕೇರಿಗಳಿಗೂ ಸಾಮಾನ್ಯನಾಮವಾಯಿತು. ಈಡೇರದ ಸರಕಾರೀ ವಾಗ್ದಾನವೊಂದರಿಂದ ಈ ಕೇರಿಗಳ ನಾಮಕರಣವಾಯಿತೆಂಬುದು ಮುಂದಿನ ಕಥೆಗೆ ತಕ್ಕ ಪೀಠಿಕೆಯಾಗಿದೆ.

ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ನಗರಾಧ್ಯಕ್ಷ ಪೆರೇರಾ ಪಾಸೊಸ್ ಅವರು ಪ್ಯಾರಿಸ್ಸಿನ ಮಾದರಿಯಲ್ಲಿ ವಿಶಾಲವಾದ ಬೀದಿಗಳನ್ನು ತೆರೆಸಿದಾಗ ಇನ್ನಷ್ಟು ಬಡವರು ಗುಡ್ಡವೇರಿದರು. ಅಂದಿನಿಂದ ನಗರದ ಆಡುಮಾತಿನಲ್ಲಿ ಎರಡು ಲೋಕಗಳಾದುವು: ಒಂದು 'ಗುಡ್ಡ', ಇನ್ನೊಂದು 'ಡಾಮರು'. ಡಾಮರಿನ ಬೀದಿಗಳಲ್ಲಿ ನೀರು, ದೀಪ, ಶಾಲೆ, ನ್ಯಾಯಸ್ಥಾನಗಳಿದ್ದುವು. ಗುಡ್ಡದಲ್ಲಿ ಅವಾವುವೂ ಇರಲಿಲ್ಲ. ೧೯೬೦ರ ದಶಕದಲ್ಲಿ ಸರಕಾರವು ಅನೇಕ ಗುಡ್ಡಗಳನ್ನು ಬಲಾತ್ಕಾರದಿಂದ ತೆರವು ಮಾಡಿಸಿ ನಿವಾಸಿಗಳನ್ನು ದೂರದ ಬಯಲುಗಳಿಗೆ ಸಾಗಿಸಿತು. 'ದೇವರ ಪಟ್ಟಣ' ಎಂಬ ಅರ್ಥದ ಸಿಡಾಡೆ ಡಿ ಡೇವುಸ್ ವಸತಿಯು ಹುಟ್ಟಿದುದು ಹೀಗೆ. ಆದರೂ ಫವೇಲಾಗಳು ಕುಗ್ಗಲಿಲ್ಲ. ೨೦೧೦ರ ಜನಗಣತಿಯ ವೇಳೆಗೆ ಈ ಒಂದು ನಗರದಲ್ಲಿಯೇ ಸುಮಾರು ೧೪ ಲಕ್ಷ ಜನರು, ಅಂದರೆ ಐವರಲ್ಲಿ ಒಬ್ಬರಿಗಿಂತ ಹೆಚ್ಚಿನವರು, ಅವುಗಳಲ್ಲಿ ವಾಸವಾಗಿದ್ದರು.

ಗುಡ್ಡಕ್ಕೆ ಶಾಲೆಯು ಬಾರದಿದ್ದರೂ ಪೋಲೀಸರು ಬರುತ್ತಿದ್ದರು. ರಿಯೊ ನಗರದ ಮಿಲಿಟರಿ ಪೋಲೀಸ್ ದಳವು ೧೮೦೯ರಷ್ಟು ಹಳೆಯದು. ನೆಪೋಲಿಯನ್ನನ ದಂಡಿಗೆ ಹೆದರಿ ಪೋರ್ಚುಗಲ್ಲಿನ ರಾಜಪರಿವಾರವು ಇಲ್ಲಿಗೆ ವಲಸೆ ಬಂದ ಮರುವರ್ಷ ಇದು ಸ್ಥಾಪಿತವಾಯಿತು. ಗುಲಾಮರನ್ನು ಹದ್ದಿನಲ್ಲಿಡುವುದೂ, ಓಡಿಹೋದವರ ಬೀಡುಗಳನ್ನು ನಾಶಪಡಿಸುವುದೂ ಇದರ ಮೊದಲ ಕೆಲಸಗಳಲ್ಲಿ ಸೇರಿದ್ದುವು. ಆ ಕಾರ್ಯದಲ್ಲಿ ಕ್ರೌರ್ಯಕ್ಕೆ ಹೆಸರಾದ ಮೇಜರ್ ವಿಡಿಗಾಲನ ಹೆಸರು ಇಂದಿಗೂ ಒಂದು ಫವೇಲಾ ಗುಡ್ಡಕ್ಕೆ ಅಂಟಿಕೊಂಡಿದೆ. ಸಂಸ್ಥೆಯೊಂದರ ಹುಟ್ಟುಗುಣವು ಶಾಸನದಿಂದ ಅಳಿಸಿಹೋಗದು. ೧೯೬೪ರಿಂದ ೧೯೮೫ರವರೆಗೆ ನಡೆದ ಸೈನ್ಯಾಡಳಿತದಲ್ಲಿ ಅದು ಮತ್ತಷ್ಟು ಬಲಿಯಿತು. ಪ್ರಜೆಯನ್ನು ಶತ್ರುವೆಂದು ಎಣಿಸುವುದು ಕವಾಯತಿನ ಒಂದು ಭಾಗವೇ ಆಯಿತು.

೨. ಗುಡ್ಡದ ಒಡೆಯರು

ಮಾದಕದ್ರವ್ಯದ ತಂಡಗಳ ಮೂಲವನ್ನು ಹುಡುಕುವವರು ಇಲ್ಯಾ ಗ್ರಾಂಡೆ ಎಂಬ ದ್ವೀಪದ ಸೆರೆಮನೆಗೆ ಹೋಗಬೇಕಾಗುತ್ತದೆ. ೧೯೭೦ರ ದಶಕದಲ್ಲಿ ಬ್ಯಾಂಕು ದೋಚಿದ ಸಾಮಾನ್ಯ ಅಪರಾಧಿಗಳನ್ನೂ ರಾಜಕೀಯ ಬಂದಿಗಳನ್ನೂ ರಾಷ್ಟ್ರೀಯ ಭದ್ರತಾ ಕಾನೂನಿನ ಅಡಿಯಲ್ಲಿ ಅಲ್ಲಿ ಒಟ್ಟಿಗೆ ಇರಿಸಲಾಗಿತ್ತು. ಸಂಘಟನೆ, ಸಾಮಾನ್ಯ ನಿಧಿ, ಶಿಸ್ತುಗಳ ಪಾಠವನ್ನು ಅಪರಾಧಿಗಳು ಅಲ್ಲಿಯೇ ಕಲಿತರೆಂದು ಹೇಳುವುದುಂಟು. ಸೆರೆಮನೆಯ ಕ್ರೌರ್ಯವೇ ಅವರನ್ನು ಒಂದುಗೂಡಿಸಿತೆನ್ನುವವರೂ ಇದ್ದಾರೆ. ಹೇಗಿದ್ದರೂ ಅಲ್ಲಿ ಹುಟ್ಟಿದ 'ಕಮಾಂಡೊ ವೆರ್ಮೆಲ್ಯೊ' ಅಥವಾ 'ಕೆಂಪು ದಳ'ವು, ಆಂಡೀಸ್ ಪರ್ವತದ ದೇಶಗಳಿಂದ ಕೊಕೇನ್ ಬ್ರೆಜಿಲಿನ ಬಂದರುಗಳ ಮೂಲಕ ಯೂರೋಪಿಗೆ ಹರಿಯಲಾರಂಭಿಸಿದ ೧೯೮೦ರ ದಶಕದಲ್ಲಿ ಗುಡ್ಡಗಳನ್ನು ಒಂದೊಂದಾಗಿ ವಶಪಡಿಸಿಕೊಂಡಿತು. ಸಿರಿವಂತರ ಬಡಾವಣೆಗಳಿಗೆ ಅಂಟಿಕೊಂಡಿದ್ದ ಗುಡ್ಡಗಳು ಮಾರಾಟಕ್ಕೆ ಅನುಕೂಲವಾಗಿದ್ದುವು. ಕಡಿದಾದ ಮೆಟ್ಟಿಲುಗಳೂ ಓಣಿಗಳೂ ಕೋಟೆಯ ಕೆಲಸ ಮಾಡಿದುವು. ಒಡಕಿನಿಂದ ಪ್ರತಿಸ್ಪರ್ಧಿ ತಂಡಗಳು ಹುಟ್ಟಿಕೊಂಡುವು. ಯುದ್ಧಕ್ಕೆ ತಕ್ಕ ಬಂದೂಕುಗಳು ಹದಿಹರೆಯದ ಹುಡುಗರ ಹೆಗಲೇರಿದುವು.

'ಗುಡ್ಡದ ಒಡೆಯ' ಎಂದು ಕರೆಯಿಸಿಕೊಳ್ಳುತ್ತಿದ್ದ ತಂಡದ ನಾಯಕನು ಬರಿಯ ವ್ಯಾಪಾರಿಯಾಗಿರಲಿಲ್ಲ. ನೆರೆಹೊರೆಯ ಜಗಳಗಳನ್ನು ತೀರ್ಮಾನಿಸುತ್ತಿದ್ದನು. ಗುಡ್ಡದೊಳಗೆ ಕಳವನ್ನು ನಿಷೇಧಿಸಿದ್ದನು. ಕೆಲವೊಮ್ಮೆ ಔಷಧಕ್ಕೂ ಶವಸಂಸ್ಕಾರಕ್ಕೂ ಹಣ ಕೊಡುತ್ತಿದ್ದನು. ಆಜ್ಞೆ ಮೀರಿದವರಿಗೆ ಪೆಟ್ಟೋ ಮರಣವೋ ಕಾದಿರುತ್ತಿತ್ತು. ಪೋಲೀಸರಿಗೆ ಸುದ್ದಿ ಕೊಟ್ಟವನಿಗೆ ಗುಡ್ಡದ ಭಾಷೆಯಲ್ಲಿ 'ಎಕ್ಸ್-೯' ಎಂಬ ಹೆಸರು. ಆ ಹೆಸರು ಬಿದ್ದವನು ಬದುಕಿ ಉಳಿಯುವುದು ಅಪರೂಪ. ಅತ್ತ ಪೋಲೀಸರಾದರೋ ದಂಡೆತ್ತಿ ಬರುವಂತೆ ಬಂದು, ಗುಂಡು ಹಾರಿಸಿ, ಇಳಿದುಹೋಗುತ್ತಿದ್ದರು; ಅವರಲ್ಲಿ ಅನೇಕರು 'ಅರ್ರೇಗೊ' ಎಂಬ ಮಾಮೂಲನ್ನು ಒಡೆಯನಿಂದಲೇ ಪಡೆಯುತ್ತಿದ್ದರು. ಹಗಲು ಒಬ್ಬನಿಗೂ ರಾತ್ರಿ ಇನ್ನೊಬ್ಬನಿಗೂ ಅಂಜುತ್ತ ಬದುಕುವುದು ಗುಡ್ಡದ ಜನರ ಪಾಲಿಗೆ ಬಂದಿತು. ಅವರಲ್ಲಿ ಬಹುಪಾಲು ಮಂದಿ ಮನೆಗೆಲಸ, ಗಾರೆಗೆಲಸ, ಬೀದಿವ್ಯಾಪಾರಗಳಿಂದ ಹೊಟ್ಟೆ ಹೊರೆಯುವವರು ಎಂಬುದನ್ನು ಡಾಮರಿನ ಜನರು ಮರೆತರು.

೩. ಕರ್ನಲ್ ಸೆರ್ಕೇರಾ ಅವರ ಪ್ರಯತ್ನ

ಮೊದಲ ಪ್ರಯೋಗವು ಪೋಲೀಸ್ ದಳದ ಒಳಗಿನಿಂದಲೇ ಹೊರಟಿತು. ೧೯೮೩ರಲ್ಲಿ ರಿಯೊ ಪ್ರಾಂತದ ರಾಜ್ಯಪಾಲರಾಗಿ ಅಧಿಕಾರ ವಹಿಸಿಕೊಂಡ ಲಿಯೊನೆಲ್ ಬ್ರಿಜೋಲಾ ಅವರು ದಳದ ದಂಡನಾಯಕತ್ವವನ್ನು ಕರ್ನಲ್ ಕಾರ್ಲೊಸ್ ಮಾಗ್ನೊ ನಜರೆತ್ ಸೆರ್ಕೇರಾ ಅವರಿಗೆ ವಹಿಸಿದರು. ಗುಲಾಮರನ್ನು ಬೆನ್ನಟ್ಟಲೆಂದು ಹುಟ್ಟಿದ ದಳಕ್ಕೆ ಕರಿಯ ಜನಾಂಗದವರೊಬ್ಬರು ದಂಡನಾಯಕರಾದುದು ಅದೇ ಮೊದಲು. ನ್ಯಾಯಾಲಯದ ಆಜ್ಞೆಯಿಲ್ಲದೆ ಫವೇಲಾದ ಮನೆಗಳ ಬಾಗಿಲನ್ನು ಒಡೆಯಕೂಡದೆಂದು ಸರಕಾರವು ವಿಧಿಸಿತು. ಡಾಮರಿನ ಮನೆಗಳಿಗೆ ಎಂದಿನಿಂದಲೂ ಇದ್ದ ಹಕ್ಕು ಇದು, ಗುಡ್ಡಕ್ಕೆ ಹೊಸತು. ಇದರಿಂದ ಮಾದಕದ್ರವ್ಯದವರಿಗೆ ಅಭಯ ಸಿಕ್ಕಿತೆಂದು ವಿರೋಧಿಗಳು ಬಹುಕಾಲ ದೂರಿದರು. ಈ ದೂರಿನಲ್ಲಿ ಸತ್ಯಾಂಶವಿಲ್ಲವೆನ್ನಲಾಗದು, ಏಕೆಂದರೆ ದಾಳಿ ನಿಂತ ಸ್ಥಳದಲ್ಲಿ ನಿಲ್ಲತಕ್ಕ ಖಾಯಂ ಕಾವಲು ಆಗ ಸಿದ್ಧವಾಗಿರಲಿಲ್ಲ. ಆದರೆ ದಾಳಿ ನಡೆದ ವರ್ಷಗಳಲ್ಲಿಯೂ ವ್ಯಾಪಾರವು ಬೆಳೆಯಿತೆಂಬುದು ಅಷ್ಟೇ ಸತ್ಯ.

ಸೆರ್ಕೇರಾ ಅವರು ೧೯೯೧ರಲ್ಲಿ ಎರಡನೆಯ ಬಾರಿ ಅದೇ ಹುದ್ದೆಗೆ ಮರಳಿದರು. ಅಮೆರಿಕದಲ್ಲಿ ಬೆಳೆಯುತ್ತಿದ್ದ ಸಮುದಾಯ ಪೋಲೀಸ್ ಪದ್ಧತಿಯನ್ನು ಅವರು ಅಭ್ಯಾಸ ಮಾಡಿದ್ದರು. ಒಬ್ಬನೇ ಪೇದೆಯು ಒಂದೇ ಕೇರಿಯಲ್ಲಿ ಬಹುದಿನ ಗಸ್ತು ಮಾಡಬೇಕು, ಜನರ ಹೆಸರು ಅವನಿಗೂ ಅವನ ಹೆಸರು ಜನರಿಗೂ ತಿಳಿದಿರಬೇಕು, ನಿವಾಸಿಗಳ ಸಭೆಯ ಮುಂದೆ ಅವನು ಕೂರಬೇಕು ಎಂಬುದು ಅದರ ಸಾರ. ೧೯೯೪ರಲ್ಲಿ ಕೋಪಕಬಾನಾ ಬಡಾವಣೆಯಲ್ಲಿ ಇದರ ಪರೀಕ್ಷೆಯು ಆರಂಭವಾಯಿತು. ಆದರೆ ಅದಕ್ಕೆ ಹಿಂದಿನ ವರ್ಷವೇ ದಳದ ಇನ್ನೊಂದು ಮುಖವನ್ನು ಲೋಕವು ಕಂಡಿತ್ತು. ೧೯೯೩ರ ಜುಲೈಯಲ್ಲಿ ಕಂಡೆಲಾರಿಯಾ ಇಗರ್ಜಿಯ ಬಳಿ ಮಲಗಿದ್ದ ಬೀದಿಮಕ್ಕಳ ಮೇಲೆ ಗುಂಡು ಹಾರಿಸಿ ಎಂಟು ಮಂದಿಯನ್ನು ಕೊಂದವರಲ್ಲಿಯೂ, ಮುಂದಿನ ತಿಂಗಳು ವಿಗಾರಿಯೊ ಜೆರಾಲ್ ಫವೇಲಾಕ್ಕೆ ನುಗ್ಗಿ ೨೧ ನಿವಾಸಿಗಳನ್ನು ಕೊಂದವರಲ್ಲಿಯೂ ಪೋಲೀಸರಿದ್ದರು. ೧೯೯೫ರಲ್ಲಿ ಅಧಿಕಾರಕ್ಕೆ ಬಂದ ಸರಕಾರವು ಕೋಪಕಬಾನಾ ಪ್ರಯೋಗವನ್ನು ನಿಲ್ಲಿಸಿ, ಗುಂಡಿನ ಕಾಳಗದಲ್ಲಿ 'ಶೌರ್ಯ' ತೋರಿದವರಿಗೆ ಸಂಬಳದ ಮೇಲೆ ಶೇಕಡಾ ೫೦ರಿಂದ ೧೫೦ರವರೆಗೆ ಹೆಚ್ಚಳವನ್ನು ಕೊಡಲಾರಂಭಿಸಿತು. ಜನರು ಇದನ್ನು 'ಫಾರ್‌ವೆಸ್ಟ್ ಬಹುಮಾನ'ವೆಂದು ಹಾಸ್ಯಮಾಡಿದರು. ಪೋಲೀಸರ ಕೈಯಲ್ಲಿ ಸತ್ತವರ ಸಂಖ್ಯೆಯಾದರೋ ಹಾಸ್ಯವಾಗಿರಲಿಲ್ಲ, ಅದು ಏರಿತು. ೧೯೯೮ರಲ್ಲಿ ಪ್ರಾಂತದ ಶಾಸನಸಭೆಯು ಆ ಬಹುಮಾನವನ್ನು ರದ್ದುಗೊಳಿಸಿತು. ೧೯೯೯ರಲ್ಲಿ, ನಿವೃತ್ತರಾಗಿದ್ದ ಸೆರ್ಕೇರಾ ಅವರು ನಗರದ ನಡುಭಾಗದಲ್ಲಿ ಗುಂಡಿಗೆ ಬಲಿಯಾದರು.

೪. ಕಾಂಟಗಾಲೊ ಗುಡ್ಡದ ಮೂರು ನಿಯಮಗಳು

ಎರಡನೆಯ ಪ್ರಯೋಗವು ೨೦೦೦ದಲ್ಲಿ ನಡೆಯಿತು. ಕೋಪಕಬಾನಾ ಮತ್ತು ಇಪನೇಮಾ ಕಡಲತೀರಗಳ ನೆತ್ತಿಯ ಮೇಲಿರುವ ಪವಾಂವ್-ಪವಾಂಜಿನ್ಯೊ ಮತ್ತು ಕಾಂಟಗಾಲೊ ಫವೇಲಾಗಳಲ್ಲಿ ಪೋಲೀಸರಿಂದ ಯುವಕರು ಹತರಾದಾಗ ನಿವಾಸಿಗಳು ಕೆಳಗಿಳಿದು ಬಂದು ಬೀದಿಯಲ್ಲಿ ಪ್ರತಿಭಟಿಸಿದರು. ಸರಕಾರವು ಅಲ್ಲಿ 'ವಿಶೇಷ ಪ್ರದೇಶಗಳ ಗಸ್ತುದಳ'ವೆಂಬ ಹೊಸ ತುಕಡಿಯನ್ನು ನೆಲೆಗೊಳಿಸಿ, ಮೇಜರ್ ಕರ್ಬಾಲ್ಯೊ ಬ್ಲಾಂಕೊ ಅವರನ್ನು ಅದರ ಮುಖ್ಯಸ್ಥರನ್ನಾಗಿ ನೇಮಿಸಿತು. ಅವರು ಗುಡ್ಡದ ಎಲ್ಲರಿಗೂ ತಿಳಿಯುವಂತೆ ಮೂರು ನಿಯಮಗಳನ್ನು ಸಾರಿದರು: ಬಂದೂಕು ಹಿಡಿದು ತಿರುಗಾಡಕೂಡದು, ಮಕ್ಕಳನ್ನು ಮಾದಕದ್ರವ್ಯದ ಕೆಲಸಕ್ಕೆ ಹಚ್ಚಕೂಡದು, ಪೋಲೀಸರು ಹಿಂಸೆಯನ್ನಾಗಲಿ ಲಂಚವನ್ನಾಗಲಿ ಮಾಡಕೂಡದು.

ಈ ಮೂರನೆಯ ನಿಯಮವೇ ಪ್ರಯೋಗದ ಜೀವಾಳ. ಹಿಂದೆಂದೂ ಗುಡ್ಡದಲ್ಲಿ ಪೋಲೀಸರಿಗೂ ಕಳ್ಳಸಾಗಣೆದಾರರಿಗೂ ಒಂದೇ ಉಸಿರಿನಲ್ಲಿ ಕಟ್ಟಳೆ ವಿಧಿಸಿದುದಿಲ್ಲ. ನಿವಾಸಿಗಳ ದೂರುಗಳನ್ನು ಕೇಳಿ, ತಪ್ಪಿತಸ್ಥರೆಂದು ಕಂಡ ಪೋಲೀಸರನ್ನು ಮೇಜರರು ಗುಡ್ಡದಿಂದ ಹೊರಗೆ ಹಾಕಿದರು. ಮೊದಲ ತಂಡದವರಲ್ಲಿ ಬಹುಮಂದಿ ಹೀಗೆ ಬದಲಾದರು. ಗುಂಡಿನ ಸದ್ದು ಬಹುವಾಗಿ ತಗ್ಗಿತು. ಆದರೆ ಮೇಜರರು ಬೇರೆಡೆಗೆ ವರ್ಗವಾದ ಮೇಲೆ ನಿಯಮಗಳು ಸಡಿಲಿದುವು. ಇತರ ಗುಡ್ಡಗಳಲ್ಲಿ ಇದೇ ಹೆಸರಿನ ತುಕಡಿಗಳನ್ನು ಇರಿಸಿದಾಗ ಹೆಸರಷ್ಟೇ ಹೋಯಿತು, ಪದ್ಧತಿಯು ಹೋಗಲಿಲ್ಲ. ವ್ಯಕ್ತಿಯೊಬ್ಬರ ಸದ್ಗುಣದ ಮೇಲೆ ನಿಂತ ಕಾವಲು ಆ ವ್ಯಕ್ತಿಯೊಡನೆಯೇ ಇಳಿದುಹೋಯಿತು.

ಇದೇ ವರ್ಷಗಳಲ್ಲಿ ನಗರದ ಪಶ್ಚಿಮ ಭಾಗದಲ್ಲಿ ಮತ್ತೊಂದು ಬಗೆಯ ಕಾವಲು ಬೆಳೆಯುತ್ತಿದ್ದಿತು. ನಿವೃತ್ತರೂ ರಜೆಯಲ್ಲಿದ್ದವರೂ ಆದ ಪೋಲೀಸರು, ಅಗ್ನಿಶಾಮಕ ದಳದವರು, ಸೆರೆಮನೆಯ ಕಾವಲುಗಾರರು ಕೂಡಿ 'ಮಿಲೀಸಿಯಾ' ಎಂಬ ಗುಂಪುಗಳನ್ನು ಕಟ್ಟಿದರು. ಮಾದಕದ್ರವ್ಯದವರನ್ನು ಓಡಿಸುವ ನೆವದಿಂದ ಕೇರಿಗಳನ್ನು ಹಿಡಿದು, ಅಡಿಗೆ ಅನಿಲ, ಕೇಬಲ್ ದೂರದರ್ಶನ, ವ್ಯಾನುಗಳ ಸಂಚಾರ ಎಲ್ಲಕ್ಕೂ ಸುಂಕ ವಿಧಿಸಿದರು. ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು. ೨೦೦೮ರಲ್ಲಿ ಬಟಾನ್ ಎಂಬ ಕೇರಿಯಲ್ಲಿ ಪತ್ರಿಕೆಯೊಂದರ ಸಿಬ್ಬಂದಿಯನ್ನು ಅವರು ಹಿಡಿದು ಚಿತ್ರಹಿಂಸೆಗೆ ಗುರಿಪಡಿಸಿದ ಮೇಲೆ ಪ್ರಾಂತದ ಶಾಸನಸಭೆಯು ವಿಚಾರಣಾ ಸಮಿತಿಯನ್ನು ನೇಮಿಸಿತು. ಅದರ ಅಧ್ಯಕ್ಷರಾಗಿದ್ದ ಮಾರ್ಸೆಲೊ ಫ್ರೇಶೊ ಅವರ ವರದಿಯು ಇನ್ನೂರಕ್ಕೂ ಹೆಚ್ಚು ಜನರ ಮೇಲೆ ಆರೋಪ ಹೊರಿಸಿತು.

೫. ಶಾಂತಿಸ್ಥಾಪಕ ಘಟಕಗಳು

೨೦೦೭ರ ಜೂನ್ ತಿಂಗಳಲ್ಲಿ ಉತ್ತರ ಭಾಗದ ಅಲೆಮಾವೊ ಫವೇಲಾಗಳ ಸಮೂಹದ ಮೇಲೆ ನಡೆದ ಒಂದೇ ದಿನದ ದಾಳಿಯಲ್ಲಿ ೧೯ ಮಂದಿ ಸತ್ತರು. ಪೋಲೀಸರು ಇಳಿದುಹೋದರು, ತಂಡವು ಅಲ್ಲಿಯೇ ಉಳಿಯಿತು. ಆ ಒಂದು ವರ್ಷದಲ್ಲಿ ಇಡೀ ಪ್ರಾಂತದಲ್ಲಿ ಪೋಲೀಸರ ಕೈಯಲ್ಲಿ ಸತ್ತವರು ೧,೩೩೦. ಈ ಮಾರ್ಗದ ನಿಷ್ಫಲತೆಯನ್ನು ಕಂಡ ಭದ್ರತಾ ಸಚಿವ ಜೋಸೆ ಮರಿಯಾನೊ ಬೆಲ್ಟ್ರಾಮೆ ಅವರು ಬೇರೊಂದು ಮಾರ್ಗವನ್ನು ಹಿಡಿದರು. ಮಾದಕದ್ರವ್ಯವನ್ನು ನಿರ್ಮೂಲ ಮಾಡುವುದು ತಮ್ಮ ಗುರಿಯಲ್ಲ, ನೆಲದ ಮೇಲಿನ ಸಶಸ್ತ್ರ ಒಡೆತನವನ್ನು ಮುರಿಯುವುದೇ ಗುರಿ ಎಂದು ಅವರು ಬಹಿರಂಗವಾಗಿ ಸಾರಿದರು. ೨೦೦೮ರ ಡಿಸೆಂಬರಿನಲ್ಲಿ ಬೊಟಾಫೋಗೊ ಬಡಾವಣೆಯ ಸಾಂಟಾ ಮಾರ್ಟಾ ಗುಡ್ಡದಲ್ಲಿ ಮೊದಲ 'ಶಾಂತಿಸ್ಥಾಪಕ ಪೋಲೀಸ್ ಘಟಕ'ವು ನೆಲೆಗೊಂಡಿತು. ಅದರ ಮುಖ್ಯಾಧಿಕಾರಿಯಾಗಿ ನೇಮಕವಾದವರು ಪ್ರಿಸಿಲ್ಲಾ ಡಿ ಒಲಿವೇರಾ ಅಜೆವೆಡೊ ಎಂಬ ಮಹಿಳಾ ಕ್ಯಾಪ್ಟನ್.

ಪದ್ಧತಿಯು ಹೀಗಿತ್ತು. ಯಾವ ಗುಡ್ಡಕ್ಕೆ ಯಾವಾಗ ಬರುವೆವೆಂಬುದನ್ನು ಸರಕಾರವು ಮುಂಚಿತವಾಗಿಯೇ ಪ್ರಕಟಿಸುತ್ತಿತ್ತು. ತಂಡದವರು ಓಡಿಹೋಗಲಿ ಎಂಬುದೇ ಇದರ ಆಶಯ. ಓಡಿದವರು ಬೇರೆಡೆ ನೆಲೆಸುತ್ತಾರೆಂಬ ಆಕ್ಷೇಪಕ್ಕೆ, ಗುಂಡಿಗೆ ನಿವಾಸಿಗಳು ಸಿಕ್ಕಿ ಸಾಯುವುದಕ್ಕಿಂತ ಅದು ಲೇಸೆಂಬುದು ಉತ್ತರವಾಗಿತ್ತು. ಮೊದಲು 'ಬೋಪಿ' ಎಂಬ ವಿಶೇಷ ದಳವು ಗುಡ್ಡವನ್ನೇರಿ ಹಿಡಿಯುವುದು; ಕೆಲವು ವಾರಗಳ ಅನಂತರ ಹೊಸದಾಗಿ ಭರ್ತಿಯಾದ, ಲಂಚದ ರುಚಿ ಹತ್ತದ ತರುಣ ಪೋಲೀಸರು ಬಂದು ಅಲ್ಲಿಯೇ ಠಾಣ್ಯ ಹೂಡುವುದು. ಅವರ ಸಂಬಳದ ಮೇಲೆ ನಗರಸಭೆಯು ತಿಂಗಳಿಗೆ ೫೦೦ ರಿಯಾಲುಗಳನ್ನು ಹೆಚ್ಚಾಗಿ ಕೊಡುತ್ತಿತ್ತು. ಅವರ ಹಿಂದೆಯೇ ಶಾಲೆ, ಆಸ್ಪತ್ರೆ, ಚರಂಡಿ, ಉದ್ಯೋಗಗಳು ಬರಬೇಕೆಂಬುದು ಯೋಜನೆಯ ಉತ್ತರಾರ್ಧ.

೨೦೦೯ರ ಅಕ್ಟೋಬರಿನಲ್ಲಿ ರಿಯೊ ನಗರಕ್ಕೆ ೨೦೧೬ರ ಒಲಿಂಪಿಕ್ ಕ್ರೀಡೋತ್ಸವವು ಲಭಿಸಿತು. ಎರಡು ವಾರಗಳಲ್ಲಿಯೇ ಮಕಾಕೊಸ್ ಗುಡ್ಡದ ಮೇಲೆ ಪೋಲೀಸರ ಹೆಲಿಕಾಪ್ಟರೊಂದನ್ನು ತಂಡದವರು ಹೊಡೆದುರುಳಿಸಿದರು. ಇಲ್ಲಿಂದ ಮುಂದೆ ಯೋಜನೆಯು ವೇಗ ಪಡೆಯಿತು. ೨೦೧೦ರ ನವೆಂಬರಿನಲ್ಲಿ ತಂಡಗಳು ನಗರದಾದ್ಯಂತ ವಾಹನಗಳಿಗೆ ಬೆಂಕಿಯಿಟ್ಟುದರಿಂದ ಕೆರಳಿದ ಸರಕಾರವು ನೌಕಾದಳದ ಉಕ್ಕಿನ ರಥಗಳ ಸಹಾಯದಿಂದ ವಿಲಾ ಕ್ರುಜೇರೊ ಮತ್ತು ಅಲೆಮಾವೊ ಪ್ರದೇಶಗಳನ್ನು ಹಿಡಿಯಿತು. ಬಂದೂಕುಧಾರಿಗಳು ಗುಡ್ಡದ ಮಣ್ಣುಹಾದಿಯಲ್ಲಿ ಗುಂಪುಗೂಡಿ ಓಡುತ್ತಿದ್ದ ದೃಶ್ಯವನ್ನು ದೇಶವೆಲ್ಲ ದೂರದರ್ಶನದಲ್ಲಿ ನೋಡಿತು. ೨೦೧೧ರ ನವೆಂಬರಿನಲ್ಲಿ, ಜನಗಣತಿಯಂತೆ ಸುಮಾರು ೭೦,೦೦೦ ಜನರಿದ್ದ ರೊಸಿನ್ಯಾ ಕೈವಶವಾಯಿತು. ಮರುವರ್ಷ ಅಲ್ಲಿ ೭೦೦ ಪೋಲೀಸರ ಘಟಕವು ಸ್ಥಾಪಿತವಾಯಿತು. ೨೦೧೪ರ ವೇಳೆಗೆ ೩೮ ಘಟಕಗಳೂ ಒಂಬತ್ತು ಸಾವಿರಕ್ಕೂ ಮಿಕ್ಕಿದ ಪೋಲೀಸರೂ ಇದ್ದರು.

ಆರಂಭದ ಫಲವು ಅಲ್ಪವಲ್ಲ. ಘಟಕಗಳಿದ್ದ ಕೇರಿಗಳಲ್ಲಿ ಕೊಲೆಗಳೂ, ಅದಕ್ಕಿಂತ ಹೆಚ್ಚಾಗಿ ಪೋಲೀಸರ ಗುಂಡಿನಿಂದಾಗುವ ಸಾವುಗಳೂ ಬಹುವಾಗಿ ಇಳಿದುವು. ಪ್ರಾಂತದಲ್ಲಿ ೨೦೦೭ರಲ್ಲಿ ೧,೩೩೦ ಇದ್ದ ಪೋಲೀಸ್ ಹತ್ಯೆಗಳ ಸಂಖ್ಯೆಯು ೨೦೧೩ರಲ್ಲಿ ೪೧೬ಕ್ಕೆ ಬಂದಿತು. ಇದೇ ಕಾಲದಲ್ಲಿ ಬೆದರಿಕೆ, ಹೊಡೆದಾಟ, ಗೃಹಕಲಹಗಳ ದೂರುಗಳು ಆ ಕೇರಿಗಳಲ್ಲಿ ಹೆಚ್ಚಿದುವು. ಮೇಲ್ನೋಟಕ್ಕೆ ಇದು ಅಪರಾಧದ ಏರಿಕೆಯೆನಿಸಬಹುದು. ಹಿಂದೆ ಒಡೆಯನ ಬಳಿಗೆ ಒಯ್ಯುತ್ತಿದ್ದ ಅಥವಾ ಎಲ್ಲಿಗೂ ಒಯ್ಯದೆ ನುಂಗಿಕೊಳ್ಳುತ್ತಿದ್ದ ದೂರುಗಳು ಈಗ ಠಾಣೆಗೆ ಬಂದುವೆಂಬುದು ಹೆಚ್ಚು ಸಂಭವನೀಯವಾದ ವಿವರಣೆ. ಗಂಡನ ಪೆಟ್ಟನ್ನು ಸರಕಾರಕ್ಕೆ ದೂರಬಹುದೆಂದು ಗುಡ್ಡದ ಹೆಣ್ಣುಮಗಳೊಬ್ಬಳು ನಂಬಿದುದು ಚರಿತ್ರೆಯ ದೃಷ್ಟಿಯಿಂದ ಸಣ್ಣ ಘಟನೆಯಲ್ಲ.

೬. ಬಿರುಕು

ಯೋಜನೆಯ ದೋಷಗಳು ಅದರ ನಕಾಶೆಯಲ್ಲಿಯೇ ಇದ್ದುವು. ಘಟಕಗಳು ಹೆಚ್ಚಾಗಿ ನೆಲೆಸಿದುದು ಸಿರಿವಂತರ ದಕ್ಷಿಣ ಭಾಗ, ನಗರದ ನಡುಭಾಗ, ಮರಕಾನಾ ಕ್ರೀಡಾಂಗಣದ ಸುತ್ತು, ವಿಮಾನನಿಲ್ದಾಣದ ದಾರಿ ಇವುಗಳಲ್ಲಿ. ಹತ್ಯೆಗಳು ಹೆಚ್ಚಾಗಿದ್ದ ಹೊರವಲಯದ ಬೈಶಾಡಾ ಪ್ರದೇಶಕ್ಕೆ ದೊರೆತುದು ಒಂದೇ ಘಟಕ. ಮಿಲೀಸಿಯಾಗಳ ವಶದಲ್ಲಿದ್ದ ಕೇರಿಗಳ ಪೈಕಿ ಬಟಾನ್ ಒಂದಕ್ಕೆ ಮಾತ್ರ ಆ ಭಾಗ್ಯ ಬಂದಿತು. ಶಾಂತಿಯು ಯಾರಿಗಾಗಿ ಎಂಬ ಸಂದೇಹವು ಗುಡ್ಡದ ಜನರಲ್ಲಿ ಮೂಡಿದುದು ಸಹಜ.

ಎರಡನೆಯದಾಗಿ, ಪೋಲೀಸರ ಹಿಂದೆ ಬರಬೇಕಾಗಿದ್ದ ಸರಕಾರವು ಬರಲೇ ಇಲ್ಲವೆನ್ನಬಹುದು. ಸಾಮಾಜಿಕ ಶಾಖೆಯು ೨೦೧೦ರಲ್ಲಿ ಆರಂಭವಾಗಿ, ಮರುವರ್ಷ ಪ್ರಾಂತ ಸರಕಾರದಿಂದ ನಗರಸಭೆಗೆ ದಾಟಿ, ೨೦೧೪ರಲ್ಲಿ ಹೆಸರನ್ನೂ ಬದಲಿಸಿಕೊಂಡಿತು. ಫವೇಲಾಗಳನ್ನೆಲ್ಲ ೨೦೨೦ರೊಳಗೆ ಸುಧಾರಿಸುವ 'ಮೊರಾರ್ ಕರಿಯೋಕಾ' ಯೋಜನೆಯು ಕಾಗದದಲ್ಲಿ ದೊಡ್ಡದಾಗಿ ಕಂಡು ಕಾರ್ಯದಲ್ಲಿ ಕರಗಿತು. ಅಲೆಮಾವೊ ಗುಡ್ಡಗಳ ಮೇಲೆ ೨೦೧೧ರಲ್ಲಿ ಆಡಂಬರದಿಂದ ಆರಂಭವಾದ ತಂತಿಯ ಬಂಡಿಯು ಒಲಿಂಪಿಕ್ ಮುಗಿದ ಕೆಲವೇ ವಾರಗಳಲ್ಲಿ, ೨೦೧೬ರಲ್ಲಿ, ನಿಂತುಹೋಯಿತು. ವಿದ್ಯುತ್ತಿನ ಬಿಲ್ಲುಗಳು ಮಾತ್ರ ತಪ್ಪದೆ ಬಂದುವು. ಕಡಲು ಕಾಣುವ ಗುಡ್ಡಗಳಲ್ಲಿ ಬಾಡಿಗೆ ಏರಿ ಹಳೆಯ ನಿವಾಸಿಗಳು ಜಾಗ ಬಿಡಬೇಕಾಯಿತು.

ಹೀಗೆ ಸರಕಾರದ ಏಕೈಕ ಮುಖವಾಗಿ ಉಳಿದವನು ಪೋಲೀಸನೊಬ್ಬನೇ. ಕೇರಿಯಲ್ಲಿ ಕುಣಿತದ ಕೂಟ ನಡೆಯಬಹುದೆ ಕೂಡದೆ, ಯಾವ ಹೊತ್ತಿಗೆ ಸಂಗೀತ ನಿಲ್ಲಬೇಕು ಎಂಬುದನ್ನೆಲ್ಲ ಘಟಕದ ಮುಖ್ಯಾಧಿಕಾರಿಯೇ ನಿರ್ಧರಿಸುತ್ತಿದ್ದನು. ೨೦೦೭ರ ಒಂದು ಸರಕಾರೀ ನಿರ್ಣಯವು ಆ ಅಧಿಕಾರಕ್ಕೆ ಆಧಾರವಾಗಿತ್ತು. ಅದು ೨೦೧೩ರಲ್ಲಿ ರದ್ದಾಯಿತು. ಗುಡ್ಡದ ಒಡೆಯನ ಪೀಠವು ಬರಿದಾಗಿರಲಿಲ್ಲ. ಸಮವಸ್ತ್ರ ಧರಿಸಿದ ಇನ್ನೊಬ್ಬನು ಅದರ ಮೇಲೆ ಕುಳಿತಿದ್ದನು. ಆ ತರುಣ ಪೋಲೀಸರಿಗೂ ಇದು ಪ್ರಿಯವಾಗಿರಲಿಲ್ಲ. ಅವರ ನಡುವೆ ೨೦೧೦ರಲ್ಲಿ ನಡೆದ ಸಮೀಕ್ಷೆಯಲ್ಲಿಯೇ ಬಹುಪಾಲು ಮಂದಿ ಬೇರೆ ಕಡೆ ಕೆಲಸಮಾಡಲು ಬಯಸುವುದಾಗಿ ತಿಳಿಸಿದ್ದರು. ಸಮುದಾಯದ ಕಾವಲೆಂಬುದು ನಿಜವಾದ ಪೋಲೀಸ್ ಕೆಲಸವಲ್ಲ, ಗುಂಡಿನ ಕಾಳಗವೇ ನಿಜವಾದುದು ಎಂಬ ಹಳೆಯ ಕವಾಯತಿನ ಭಾವನೆಯು ಅವರಿಗೂ ತಗಲಿತ್ತು.

೨೦೧೩ರ ಜುಲೈ ೧೪ರಂದು ಈ ಬಿರುಕು ಎಲ್ಲರ ಕಣ್ಣಿಗೂ ಬಿದ್ದಿತು. ರೊಸಿನ್ಯಾದ ಅಮರಿಲ್ಡೊ ಡಿ ಸೋಜಾ ಎಂಬ ಗಾರೆಗೆಲಸದ ಆಳನ್ನು ವಿಚಾರಣೆಗೆಂದು ಘಟಕದ ಠಾಣೆಗೆ ಕರೆದೊಯ್ದರು. ಅವನು ಮನೆಗೆ ಮರಳಲಿಲ್ಲ. 'ಅಮರಿಲ್ಡೊ ಎಲ್ಲಿ?' ಎಂಬ ಪ್ರಶ್ನೆಯು ಗುಡ್ಡದಿಂದ ಡಾಮರಿಗೆ ಇಳಿದು ದೇಶವ್ಯಾಪಿಯಾಯಿತು. ಘಟಕದ ಮುಖ್ಯಾಧಿಕಾರಿಯೂ ಸೇರಿ ಹನ್ನೆರಡು ಪೋಲೀಸರು ಅವನನ್ನು ಚಿತ್ರಹಿಂಸೆಯಿಂದ ಕೊಂದ ಅಪರಾಧಕ್ಕಾಗಿ ೨೦೧೬ರಲ್ಲಿ ಶಿಕ್ಷೆಗೆ ಒಳಗಾದರು. ದೇಹವು ಸಿಕ್ಕಲಿಲ್ಲ. ಹತ್ತಾರು ವರ್ಷಗಳ ಅವಿಶ್ವಾಸದ ಮೇಲೆ ಐದು ವರ್ಷಗಳಲ್ಲಿ ಕಟ್ಟಿದ ತೆಳುವಾದ ನಂಬಿಕೆಯು ಒಂದು ರಾತ್ರಿಯಲ್ಲಿ ಒಡೆಯಿತು.

ಆ ಮೇಲಿನ ಸಂಗತಿಗಳನ್ನು ಸಂಗ್ರಹವಾಗಿ ಹೇಳಬಹುದು. ವರ್ಷಕ್ಕೆ ಎರಡು ಕೋಟಿ ರಿಯಾಲುಗಳನ್ನು ಕೊಡುವುದಾಗಿ ಮಾತುಕೊಟ್ಟಿದ್ದ ಉದ್ಯಮಿ ಎಯ್ಕೆ ಬಟಿಸ್ಟಾ ಅವರ ಕಂಪನಿಯು ೨೦೧೩ರಲ್ಲಿ ಹಿಂದೆಗೆಯಿತು. ಮಾರೆ ಫವೇಲಾ ಸಮೂಹವನ್ನು ೨೦೧೪ರಿಂದ ೨೦೧೫ರವರೆಗೆ ಸೈನ್ಯವು ಹಿಡಿದಿದ್ದರೂ ಅಲ್ಲಿ ಘಟಕವು ಸ್ಥಾಪಿತವಾಗಲೇ ಇಲ್ಲ. ೨೦೧೬ರ ಜೂನಿನಲ್ಲಿ ಪ್ರಾಂತ ಸರಕಾರವು ಬೊಕ್ಕಸ ಬರಿದಾಯಿತೆಂದು ಆಪತ್ಪರಿಸ್ಥಿತಿಯನ್ನು ಸಾರಿತು. ಅಕ್ಟೋಬರಿನಲ್ಲಿ ಬೆಲ್ಟ್ರಾಮೆ ಅವರು ರಾಜೀನಾಮೆಯಿತ್ತರು. ಯೋಜನೆಯನ್ನು ಆರಂಭಿಸಿದ ಮಾಜಿ ರಾಜ್ಯಪಾಲ ಸೆರ್ಜಿಯೊ ಕಬ್ರಾಲರು ನವೆಂಬರಿನಲ್ಲಿ ಲಂಚದ ಆರೋಪದ ಮೇಲೆ ಬಂಧಿತರಾದರು. ೨೦೧೮ರ ಫೆಬ್ರವರಿಯಿಂದ ಡಿಸೆಂಬರಿನವರೆಗೆ ಪ್ರಾಂತದ ಭದ್ರತೆಯನ್ನು ಕೇಂದ್ರ ಸರಕಾರವು ಸೇನಾಪತಿಯೊಬ್ಬರಿಗೆ ಒಪ್ಪಿಸಿತು. ಘಟಕಗಳಲ್ಲಿ ಅರ್ಧದಷ್ಟನ್ನು ಮುಚ್ಚಲು ಇಲ್ಲವೆ ವಿಲೀನಗೊಳಿಸಲು ನಿರ್ಧಾರವಾದುದು ಆ ಅವಧಿಯಲ್ಲಿಯೇ. ೨೦೧೯ರಲ್ಲಿ ಪೋಲೀಸರ ಕೈಯಲ್ಲಿ ಸತ್ತವರು ೧,೮೦೦ಕ್ಕೂ ಹೆಚ್ಚು. ಅದು ೨೦೦೭ನ್ನೂ ಮೀರಿದ ಸಂಖ್ಯೆ.

ಮಾರೆಯಲ್ಲಿಯೇ ಹುಟ್ಟಿ ಬೆಳೆದ ಮರಿಯೆಲೆ ಫ್ರಾಂಕೊ ಅವರು ಈ ಯೋಜನೆಯನ್ನೇ ವಿಷಯವಾಗಿ ಆರಿಸಿಕೊಂಡು ೨೦೧೪ರಲ್ಲಿ ಸ್ನಾತಕೋತ್ತರ ಪ್ರಬಂಧವನ್ನು ಸಲ್ಲಿಸಿದ್ದರು. ಫವೇಲಾವನ್ನು ಮೂರು ಅಕ್ಷರಗಳಿಗೆ ಇಳಿಸಲಾಯಿತೆಂಬುದು ಅದರ ಶೀರ್ಷಿಕೆಯಲ್ಲಿಯೇ ಇದ್ದ ಆಕ್ಷೇಪ. ೨೦೧೬ರಲ್ಲಿ ನಗರಸಭೆಗೆ ಆಯ್ಕೆಯಾದ ಅವರು, ಸೇನಾ ಮೇಲ್ವಿಚಾರಣೆಯನ್ನು ಪರಿಶೀಲಿಸುವ ಸಮಿತಿಯ ಕೆಲಸವನ್ನು ವಹಿಸಿಕೊಂಡ ಕೆಲವೇ ದಿನಗಳಲ್ಲಿ, ೨೦೧೮ರ ಮಾರ್ಚ್ ೧೪ರಂದು ತಮ್ಮ ಸಾರಥಿಯೊಡನೆ ಗುಂಡಿಗೆ ಬಲಿಯಾದರು. ೨೦೨೪ರಲ್ಲಿ ಈ ಕೊಲೆಗಾಗಿ ಶಿಕ್ಷೆ ಹೊಂದಿದ ಇಬ್ಬರೂ ಮಾಜಿ ಮಿಲಿಟರಿ ಪೋಲೀಸರು.

೭. ವಿಮರ್ಶೆ

ಈ ಮೂರು ಪ್ರಯೋಗಗಳ ವೈಫಲ್ಯಕ್ಕೆ ವಿದ್ವಾಂಸರು ಬೇರೆ ಬೇರೆ ಕಾರಣಗಳನ್ನು ಹೇಳುತ್ತಾರೆ. ಹಣ ತೀರಿತೆಂಬುದು ಒಂದು. ಆದರೆ ಅಮರಿಲ್ಡೊ ಕಾಣೆಯಾದ ೨೦೧೩ರಲ್ಲಿ ಬೊಕ್ಕಸವು ಬರಿದಾಗಿರಲಿಲ್ಲ; ಆದುದರಿಂದ ಹಣದ ಕೊರತೆಯು ಪತನವನ್ನು ತ್ವರೆಗೊಳಿಸಿತೇ ಹೊರತು ಹುಟ್ಟಿಸಲಿಲ್ಲ. ಅತಿವೇಗದ ವಿಸ್ತರಣೆಯೆಂಬುದು ಇನ್ನೊಂದು. ಸಾಂಟಾ ಮಾರ್ಟಾದಂತಹ ಚಿಕ್ಕ ಗುಡ್ಡಕ್ಕೆ ಒಪ್ಪಿದುದು ಅಲೆಮಾವೊ, ರೊಸಿನ್ಯಾಗಳಂತಹ ಪಟ್ಟಣಗಳಿಗೆ ಒಪ್ಪಲಿಲ್ಲವೆಂಬುದು ನಿಜ. ಆದರೆ ಕಾಂಟಗಾಲೊ ಪ್ರಯೋಗವು ಚಿಕ್ಕದಾಗಿಯೇ ಇದ್ದು ಸೋತಿತು.

ಮೂರಕ್ಕೂ ಸಾಮಾನ್ಯವಾದ ಕಾರಣವನ್ನು ಆರಂಭದಲ್ಲಿ ಹೇಳಿದ ಮೂರು ಪ್ರಶ್ನೆಗಳಲ್ಲಿಯೇ ಹುಡುಕಬೇಕು. ಗಸ್ತಿನವನನ್ನು ಬದಲಾಯಿಸಲಾಯಿತು, ಅವನ ಸಂಬಳವನ್ನು ಹೆಚ್ಚಿಸಲಾಯಿತು, ಆದರೆ ಅವನನ್ನು ಕೇಳುವ ಅಧಿಕಾರವನ್ನು ಗುಡ್ಡಕ್ಕೆ ಎಂದೂ ಕೊಡಲಿಲ್ಲ. ಘಟಕದ ಅಧಿಕಾರಿಯು ಮೇಲಿನವರಿಗೆ ಲೆಕ್ಕ ಒಪ್ಪಿಸುತ್ತಿದ್ದನು, ಕೆಳಗಿನವರಿಗಲ್ಲ. ಕರ್ಬಾಲ್ಯೊ ಅವರು ನಿವಾಸಿಗಳ ದೂರನ್ನು ಕೇಳಿದುದು ಅವರ ಸೌಜನ್ಯದಿಂದ, ಕಾನೂನಿನ ಕಟ್ಟಳೆಯಿಂದಲ್ಲ. ಅಮರಿಲ್ಡೊ ಪ್ರಕರಣದಲ್ಲಿ ನ್ಯಾಯವು ದೊರೆತುದಾದರೂ ದೇಶವೆಲ್ಲ ಎರಡೂವರೆ ವರ್ಷ ಕೂಗಿದ ಮೇಲೆ.

ಇದರೊಡನೆ ಕಾಲದ ಪ್ರಶ್ನೆಯೂ ಸೇರಿದೆ. ಗುಡ್ಡದಲ್ಲಿ ಪೋಲೀಸನೊಡನೆ ಮಾತನಾಡುವುದೆಂದರೆ ಬರಿಯ ಸೌಹಾರ್ದವಲ್ಲ, ಪ್ರಾಣವನ್ನು ಪಣಕ್ಕೊಡ್ಡುವುದು. ಠಾಣೆಗೆ ದೂರು ಕೊಟ್ಟವಳು, ಸಭೆಯಲ್ಲಿ ಎದ್ದುನಿಂತವನು, ಪೋಲೀಸರ ಪಾಠಶಾಲೆಗೆ ಮಗುವನ್ನು ಕಳುಹಿಸಿದವರು, ಇವರೆಲ್ಲರೂ ಪೋಲೀಸರು ಉಳಿಯುವರೆಂಬ ಭರವಸೆಯ ಮೇಲೆ ಹಾಗೆ ಮಾಡಿದರು. ಪೋಲೀಸರು ಇಳಿದುಹೋದ ಮರುದಿನ ಅವರ ಹೆಸರು 'ಎಕ್ಸ್-೯' ಪಟ್ಟಿಗೆ ಸೇರುತ್ತದೆ. ಸರಕಾರವು ಪ್ರಯೋಗವೆಂದು ಕರೆದುದನ್ನು ಜನರು ವಾಗ್ದಾನವೆಂದು ತಿಳಿದಿದ್ದರು. ಪ್ರಯೋಗವು ಸೋತರೆ ಸರಕಾರಕ್ಕೆ ಒಂದು ಕಡತವು ಮುಚ್ಚುತ್ತದೆ. ವಾಗ್ದಾನವು ತಪ್ಪಿದರೆ ಅದರ ಬೆಲೆಯನ್ನು ನಂಬಿದವರು ತೆರುತ್ತಾರೆ. ಮುಂದಿನ ಬಾರಿ ನಂಬುವವರು ಕಡಿಮೆಯಾಗುತ್ತಾರೆ. ಆದುದರಿಂದ ಈ ಬಗೆಯ ಕಾವಲನ್ನು ಆರಂಭಿಸುವವರು ಮೊದಲು ಯೋಚಿಸಬೇಕಾದುದು ಹೇಗೆ ಬರಬೇಕೆಂಬುದನ್ನಲ್ಲ, ಎಷ್ಟು ಕಾಲ ಇರಬಲ್ಲೆವೆಂಬುದನ್ನು.

೨೦೨೫ರ ಅಕ್ಟೋಬರ್ ೨೮ರಂದು ಪೋಲೀಸರು ಅಲೆಮಾವೊ ಮತ್ತು ಪೇನ್ಯಾ ಗುಡ್ಡಗಳ ಮೇಲೆ ಮತ್ತೆ ದಾಳಿ ನಡೆಸಿದರು. ಆ ದಿನ ಸತ್ತವರು ೧೨೦ಕ್ಕೂ ಹೆಚ್ಚು. ಅವರಲ್ಲಿ ನಾಲ್ವರು ಪೋಲೀಸರು. ಮರುದಿನ ಬೆಳಗ್ಗೆ ನಿವಾಸಿಗಳು ಕಾಡಿನ ಅಂಚಿನಿಂದ ಹೆಣಗಳನ್ನು ಹೊತ್ತುತಂದು ಬೀದಿಯಲ್ಲಿ ಸಾಲಾಗಿ ಮಲಗಿಸಿದರು. ಹದಿನೈದು ವರ್ಷಗಳ ಹಿಂದೆ ಶಾಂತಿಯ ಬಾವುಟವನ್ನು ಏರಿಸಿದ್ದುದು ಅದೇ ಗುಡ್ಡಗಳಲ್ಲಿ. ೨೦೦೮ರಲ್ಲಿ ಹುಟ್ಟಿ ಆ ಬಾವುಟದ ಕೆಳಗೆ ನಡೆಯಲು ಕಲಿತ ಮಗುವಿಗೆ ಆಗ ಹದಿನೇಳು ವರ್ಷ. ಅದರ ಬೀದಿಯಲ್ಲಿ ರಾತ್ರಿ ಗಸ್ತು ತಿರುಗುವವನು ಯಾರಿಗೆ ಉತ್ತರ ಹೇಳಬೇಕೆಂಬುದು ಇನ್ನೂ ತೀರ್ಮಾನವಾಗಿಲ್ಲ.